ಎರಡು ಮನೆ, ಎರಡು ನೀರು

ಈ ವರ್ಷ ಎರಡು ಮನೆಗಳಿಗೆ ನೀರಿನ ಫಿಲ್ಟರ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು, ಬೆಂಗಳೂರಿನಲ್ಲಿ ನಾನು, ಹೆಂಡತಿ, ಮಗಳು ಇರುವ ಮನೆ. ಇನ್ನೊಂದು, ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿ ಅಮ್ಮ ಒಬ್ಬಳೇ ಇರುವ ಮನೆ. ಅಂಗಡಿಯಲ್ಲಿ ವಿಚಾರಿಸಿದರೆ ಎರಡಕ್ಕೂ ಒಂದೇ ಉತ್ತರ: "ಆರ್‌ಒ ಹಾಕಿಸಿಬಿಡಿ ಸಾರ್, ಆಮೇಲೆ ಚಿಂತೆಯೇ ಇರಲ್ಲ." ಒಪ್ಪಿಕೊಳ್ಳಲು ನನ್ನ ಮನಸ್ಸೂ ತುದಿಗಾಲಲ್ಲಿ ನಿಂತಿತ್ತು. ಆ ಆತುರವೇ ನನ್ನನ್ನು ತಡೆಯಿತು. ನೀರಿನ ವಿಷಯ ಬಂದಾಗ ನನ್ನಲ್ಲಿ ವಿಚಾರಕ್ಕಿಂತ ಮೊದಲು ಹೆದರಿಕೆ ಮಾತಾಡುತ್ತದೆ ಎಂಬುದು ನನಗೆ ಗೊತ್ತು. ಯಾವ ಫಿಲ್ಟರ್ ಎಂದು ತೀರ್ಮಾನಿಸುವ ಮೊದಲು ಆ ಹೆದರಿಕೆ ಎಲ್ಲಿಂದ ಬಂತು, ಅದಕ್ಕೆ ನಿಜವಾಗಿ ಬೇಕಾಗಿರುವುದೇನು ಎಂದು ನೋಡಿಕೊಳ್ಳಬೇಕಿತ್ತು.

ನನ್ನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಊರಲ್ಲಿ ಇದ್ದಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ; ನನ್ನ ವಾರಿಗೆಯ ಹುಡುಗರೆಲ್ಲರ ಹಲ್ಲೂ ಹಾಗೆಯೇ ಇದ್ದವು. ಓದಲು ತುಮಕೂರಿನ ಹಾಸ್ಟೆಲ್ಲಿಗೆ ಬಂದ ಮೇಲೆ ಒಬ್ಬ ಹುಡುಗ "ಹೊಗೆಸೊಪ್ಪು ಹಾಕ್ತೀಯೇನೋ?" ಎಂದು ಕೇಳಿದ. ಅವತ್ತಿನಿಂದ ತುಟಿ ಬಿಗಿದು ನಗುವುದು ರೂಢಿಯಾಯಿತು. ಮದುವೆಯ ಆಲ್ಬಮ್ಮಿನಲ್ಲೂ ನಾನು ಬಾಯಿ ಬಿಟ್ಟು ನಕ್ಕ ಒಂದು ಫೋಟೋ ಇಲ್ಲ.

ಕಾರಣ ತಿಳಿದದ್ದು ಎಷ್ಟೋ ಕಾಲದ ನಂತರ. ಹುಟ್ಟಿನಿಂದ ಸುಮಾರು 8 ವರ್ಷದವರೆಗೆ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆ ವಯಸ್ಸಿನಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಲ್ಲಿನ ಮೇಲ್ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆಮೇಲೆ ಎಂಥ ಒಳ್ಳೆಯ ನೀರು ಕುಡಿದರೂ ಗೆರೆ ಅಳಿಯದು. ದೊಡ್ಡವರಲ್ಲಿ ಫ್ಲೋರೈಡ್ ಮೂಳೆ ಸೇರುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಯಾರಾದರೂ ಹಿಂದಿನಿಂದ ಕೂಗಿದರೆ ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ನೋಡುವ ಮುದುಕರು ನಮ್ಮ ಬೀದಿಯಲ್ಲಿದ್ದರು. ವಯಸ್ಸಾಯಿತು, ವಾಯು ಹಿಡಿದಿದೆ ಎಂದುಕೊಂಡು ಸುಮ್ಮನಿದ್ದೆವು. 1937ರಷ್ಟು ಹಿಂದೆಯೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ಮೂಳೆ ಕಾಯಿಲೆಯನ್ನು ನೀರಿನ ಫ್ಲೋರೈಡ್ ಜೊತೆ ಜೋಡಿಸಿ ಬರೆದಿದ್ದರು. ನಮ್ಮ ಊರಿನ ಸೊಂಟಗಳಿಗೆ ಆ ಸುದ್ದಿ ತಲುಪಲು ಅರ್ಧ ಶತಮಾನವೇ ಹಿಡಿಯಿತು.

ನನ್ನನ್ನು ಬಹಳ ಕಾಡುವುದು ಇನ್ನೊಂದು ವಿಷಯ. ಆ ನೀರು ಕೆಟ್ಟದಾಗಿ ಕಾಣುತ್ತಲೇ ಇರಲಿಲ್ಲ. ಕೆರೆಯ ನೀರು ರಾಡಿ, ತೆರೆದ ಬಾವಿಯ ನೀರಿನಲ್ಲಿ ಹುಳ. ಬೋರಿನ ನೀರೋ ತಣ್ಣಗೆ, ಸ್ಫಟಿಕದ ಹಾಗೆ ತಿಳಿ. ಕಾಲರಾ, ಕರುಳುಬೇನೆಯಿಂದ ಮಕ್ಕಳನ್ನು ಉಳಿಸಲೆಂದೇ ಊರೂರಿಗೆ ಬೋರು ಕೊರೆಸಿದರು. ಅದರಿಂದ ಮಕ್ಕಳು ಉಳಿದದ್ದೂ ನಿಜ. ಆದರೆ ಗ್ರಾನೈಟ್ ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆಯ ನೀರು ಮೇಲ್ಪದರದ ಬಾವಿಯಲ್ಲಿ ಕೆಲವೇ ತಿಂಗಳು ನಿಲ್ಲುತ್ತದೆ. ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು ಕಲ್ಲಿನಲ್ಲಿರುವುದನ್ನು ಕರಗಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರದ ಗುಣ ಹೆಚ್ಚಿರುವ ನೀರಾದರೆ ಇನ್ನಷ್ಟು. ಪಾವಗಡ, ಬಾಗೇಪಲ್ಲಿ, ಕೋಲಾರ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಸೀಮೆಗಳ ಕಥೆಯೆಲ್ಲ ಹೆಚ್ಚುಕಡಿಮೆ ಇದೇ. ನೀರು ಕೆಳಗಿಳಿದಂತೆ ಬೋರು ಇನ್ನೂ ಆಳಕ್ಕೆ ಹೋಯಿತು, ಬೋರಿನ ಜೊತೆಗೆ ನಾವೂ ಹೋದೆವು.

ಮನೆಯ ಹಿರಿಯರಿಗೆ ಗೊತ್ತಿದ್ದ ಉಪಾಯಗಳು ಯಾವುವೂ ಇಲ್ಲಿ ನಡೆಯಲಿಲ್ಲ. ಅವು ಮೂಢನಂಬಿಕೆ ಆಗಿದ್ದವು ಎಂದಲ್ಲ. ಅಜ್ಜಿ ಹಳೇ ಸೀರೆಯನ್ನು ಮಡಿಸಿ ಬಿಂದಿಗೆಯ ಬಾಯಿಗೆ ಕಟ್ಟಿ ಸೋಸುತ್ತಿದ್ದಳು. ರೀಟಾ ಕೋಲ್‌ವೆಲ್ ಎಂಬ ವಿಜ್ಞಾನಿಯ ತಂಡ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ, ಹಳೇ ಸೀರೆಯ ಮಡಿಕೆಯಲ್ಲಿ ಸೋಸಿದರೆ ಕಾಲರಾ ಶೇ. 48ರಷ್ಟು ಇಳಿಯಿತು ಎಂದು 2003ರಲ್ಲಿ ಪ್ರಕಟಿಸಿತು. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಉಳಿಯುವುದಿಲ್ಲ ಎಂದು 2012ರಲ್ಲಿ ಬೆಂಗಳೂರಿನ ಸಂಶೋಧಕರು ತೋರಿಸಿದರು. ಕುದಿಸುವುದಂತೂ ಸರಿಯೇ ಸರಿ. ನೀರು ಚೆನ್ನಾಗಿ ಮರಳಿ ಒಂದು ನಿಮಿಷ ಕುದಿದರೆ ರೋಗಾಣುಗಳು ಸಾಯುತ್ತವೆ. ಈ ಮೂರೂ ಕೆಸರಿಗೆ, ಕ್ರಿಮಿಗೆ ಮದ್ದು. ಕರಗಿದ ಫ್ಲೋರೈಡನ್ನು ಬಟ್ಟೆ ತಡೆಯದು, ತಾಮ್ರ ಮುಟ್ಟದು, ಕುದಿಸಿದರೆ ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಅಜ್ಜಿಯ ಜ್ಞಾನ ಅಜ್ಜಿಯ ಕಾಲದ ನೀರಿಗೆ ಸರಿಯಾಗಿತ್ತು. ನೀರು ಬದಲಾದದ್ದನ್ನು ಅವಳಿಗೆ ಯಾರೂ ಹೇಳಲಿಲ್ಲ.

ಹೀಗೆ ಬೆಳೆದವನಿಗೆ ತಿಳಿನೀರಿನ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಮಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದಾಗ ನಾನು ಅವಳ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬೆಳ್ಳಗಿದ್ದವು. ಆದರೂ ಒಳಗಿನ ದಿಗಿಲು ಹೋಗಲಿಲ್ಲ. ಬೆಂಗಳೂರಿನ ಮನೆಗೆ ಆರ್‌ಒ ಬೇಕೇ ಬೇಕು ಎಂದು ನಾನು ಪಟ್ಟು ಹಿಡಿದಾಗ ಹೆಂಡತಿ ಕೇಳಿದಳು: "ರೀ, ಇದು ಕಾವೇರಿ ನೀರು. ನಿಮ್ಮೂರಿನ ಬೋರಲ್ಲ. ಯಾವುದಕ್ಕೆ ಹೆದರ್ತಿದ್ದೀರಿ ಹೇಳಿ." ಅವಳು ಸಾಗರದ ಕಡೆಯವಳು, ಬಾವಿಗೆ ಕೊಡ ಇಳಿಬಿಟ್ಟು ಸೇದಿ ಹಾಗೇ ಕುಡಿದು ಬೆಳೆದವಳು. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ದಿನಗಳಲ್ಲೇ ಒಂದು ಕಂಪನಿಯ ಹುಡುಗ ಮನೆಗೆ ಬಂದು ಪ್ರಯೋಗ ಮಾಡಿ ತೋರಿಸಿದ. ಎರಡು ಲೋಟ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಕರೆಂಟಿನ ಕಡ್ಡಿಗಳನ್ನು ಇಳಿಬಿಟ್ಟ. ನಲ್ಲಿ ನೀರು ನೋಡನೋಡುತ್ತಲೇ ಕಂದು ಬಣ್ಣದ ಗಸಿಯಾಯಿತು. ಆರ್‌ಒ ನೀರು ಹಾಗೇ ಉಳಿಯಿತು. "ದಿನಾ ಇದನ್ನೇ ಸಾರ್ ನಿಮ್ಮ ಮಗು ಕುಡೀತಿರೋದು" ಎಂದ. ಆ ಕಂದು ಬಣ್ಣ ನೋಡಿದಾಗ ನನ್ನ ಎದೆ ಝಲ್ಲೆಂದಿತು. ಹೈಸ್ಕೂಲಿನಲ್ಲಿ ಓದಿದ ರಸಾಯನಶಾಸ್ತ್ರ ನೆನಪಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಆ ಕಡ್ಡಿ ಕಬ್ಬಿಣದ್ದು. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಕರೆಂಟು ಹರಿಯದು, ಕಡ್ಡಿಯೂ ಕರಗದು. ಲೋಟದಲ್ಲಿ ಕಂಡದ್ದು ಕಡ್ಡಿಯ ಕೊಳೆ, ನೀರಿನದಲ್ಲ. ಎಳನೀರನ್ನು ಇಟ್ಟಿದ್ದರೂ ಹಾಗೇ ಆಗುತ್ತಿತ್ತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದ್ದನ್ನು ಅವನು ಮಾಡಿದ. ನನ್ನನ್ನು ಕೆಣಕಿದ್ದು, ಆ ಪ್ರಯೋಗ ನನ್ನಲ್ಲಿ ಯಾಕೆ ಅಷ್ಟು ಚೆನ್ನಾಗಿ ನಾಟಿತು ಎಂಬುದು. ಕಂದು ಬಣ್ಣ ನನಗೆ ಪರಿಚಿತ. ಅದನ್ನು ನಾನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ. ಮಗಳ ಆರೋಗ್ಯದ ಹೆಸರಿನಲ್ಲಿ ನಾನು ಕೊಳ್ಳಲು ಹೊರಟಿದ್ದ ಯಂತ್ರ ನನ್ನ ನಾಚಿಕೆಗೆ ಸಂಬಂಧಪಟ್ಟದ್ದಾಗಿತ್ತು. ಇದನ್ನು ಒಪ್ಪಿಕೊಂಡ ಮೇಲೆ ತಲೆ ತಿಳಿಯಾಯಿತು, ನೀರನ್ನು ನೀರಿನ ಲೆಕ್ಕದಲ್ಲೇ ನೋಡಲು ಸಾಧ್ಯವಾಯಿತು.

ನೋಡಿದರೆ ಬೆಂಗಳೂರಿನ ನೀರಿಗೆ ಬೇಕಾದದ್ದೇ ಬೇರೆ. ನಮ್ಮ ನಲ್ಲಿಯಲ್ಲಿ ಟಿಡಿಎಸ್, ಅಂದರೆ ಕರಗಿದ ಒಟ್ಟು ಲವಣ, ಲೀಟರಿಗೆ 200 ಮಿಲಿಗ್ರಾಂ ಆಸುಪಾಸು. ಭಾರತೀಯ ಮಾನಕ ಬ್ಯೂರೋದ ಐಎಸ್ 10500ರ ಪ್ರಕಾರ 500ರವರೆಗೆ ಇದ್ದರೆ ಒಳ್ಳೆಯದು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಗೆ ತಡೆ ಹಾಕುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಪರಿಸರ ಸಚಿವಾಲಯಕ್ಕೆ ಹೇಳಿದ್ದು ಇದೇ ಕಾರಣಕ್ಕೆ. ಆರ್‌ಒ ಪೊರೆ 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡಲು ರೂಪಿಸಿದ್ದು. ಉಪ್ಪು ಅಷ್ಟಿಲ್ಲದ ನೀರಿಗೆ ಅದನ್ನು ಹಾಕಿದರೆ, ದೇಹಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೋಗುತ್ತದೆ. ಜೊತೆಗೆ ಒಂದು ಲೀಟರ್ ಕೊಡಲು ಮನೆಯ ಸಾಮಾನ್ಯ ಯಂತ್ರ ಸುಮಾರು ಮೂರು ಲೀಟರ್ ಚೆಲ್ಲುತ್ತದೆ. ತೊರೆಕಾಡನಹಳ್ಳಿಯಿಂದ 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ನೀರು ಅದು. ಅದರ ಮುಕ್ಕಾಲು ಪಾಲನ್ನು ನನ್ನ ಸಮಾಧಾನಕ್ಕಾಗಿ ಮೋರಿಗೆ ಬಿಡುವ ಹಕ್ಕು ನನಗಿಲ್ಲ.

ಹಾಗೆಂದು ಕಾವೇರಿ ನೀರಿಗೆ ಅಪಾಯವೇ ಇಲ್ಲ ಎನ್ನಲಾಗದು. ಅಪಾಯ ಹೊಳೆಯಲ್ಲಿಲ್ಲ, ಕೊನೆಯ ನೂರು ಅಡಿಯಲ್ಲಿದೆ. ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಕೊಳವೆ ಖಾಲಿಯಾದಾಗ ಒತ್ತಡ ಇಳಿಯುತ್ತದೆ. ಬಿರುಕಿದ್ದರೆ ಪಕ್ಕದ ಒಳಚರಂಡಿಯ ನೀರು ಒಳಗೆ ನುಗ್ಗುತ್ತದೆ. ಆಮೇಲೆ ಸಂಪು, ಆಮೇಲೆ ಮೇಲಿನ ಟ್ಯಾಂಕು. ಇಷ್ಟು ದಾಟುವಷ್ಟರಲ್ಲಿ ಶುದ್ಧೀಕರಣ ಘಟಕದಲ್ಲಿ ಹಾಕಿದ ಕ್ಲೋರಿನ್ ಕಡಿಮೆಯಾಗಿರುತ್ತದೆ. ಇಲ್ಲಿ ಶತ್ರು ಲವಣ ಅಲ್ಲ, ರೋಗಾಣು. ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲ. ಅದು ಅಳೆಯುವುದು ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಎಂಬುದನ್ನು ಮಾತ್ರ. ರೋಗಾಣುವಿಗೆ ಒಂದು ಸಣ್ಣ ಸೀಸೆಯ ಪರೀಕ್ಷೆ ಇದೆ. 1982ರಲ್ಲಿ ಭಾರತದ ವಿಜ್ಞಾನಿಗಳೇ ಪ್ರಕಟಿಸಿದ್ದು. ನೀರು ತುಂಬಿ ಒಂದೆರಡು ದಿನ ಇಟ್ಟರೆ ಮಲಮೂಲದ ಬ್ಯಾಕ್ಟೀರಿಯಾ ಇದ್ದಾಗ ಕಪ್ಪಾಗುತ್ತದೆ. ನಮ್ಮ ಮನೆಯಲ್ಲಿ ನಲ್ಲಿಯಿಂದ ನೇರ ಹಿಡಿದ ಸೀಸೆ ತಿಳಿಯಾಗಿಯೇ ಉಳಿಯಿತು, ಟ್ಯಾಂಕಿನದು ಕಪ್ಪಾಯಿತು. ಸಂಪು, ಟ್ಯಾಂಕು ಎರಡನ್ನೂ ತಿಕ್ಕಿ ತೊಳೆಸಿದೆವು. ಅಡುಗೆಮನೆಗೆ ಕಾರ್ಬನ್, ಯುಎಫ್ ಪೊರೆ, ಯುವಿ ದೀಪ ಇರುವ, ನೀರು ಚೆಲ್ಲದ ಸಾದಾ ಫಿಲ್ಟರ್ ಹಾಕಿಸಿದೆವು. ನನ್ನ ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ಈಗ ಅದು ತೀರ್ಮಾನ ಮಾಡುವ ಜಾಗದಲ್ಲಿಲ್ಲ.

ಅಮ್ಮನ ಮನೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಪಂಚಾಯ್ತಿಯ ನಲ್ಲಿಗೆ ಬರುವುದು ಬೋರಿನ ನೀರೇ. ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 3 ಮಿಲಿಗ್ರಾಂ ಹತ್ತಿರ ಬಂತು. ಮಾನಕ ಹೇಳುವುದು 1. ಬೇರೆ ನೀರೇ ಸಿಗದಿದ್ದರೆ 1.5. ಊರಿನಲ್ಲಿ ಕಾಯಿನ್ ಹಾಕಿದರೆ ಕ್ಯಾನು ತುಂಬುವ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಅದು ಕೆಟ್ಟು ನಿಂತ ದಿನ ಅಮ್ಮ ಬೋರಿನ ನೀರನ್ನೇ ಕುಡಿಯುತ್ತಿದ್ದಳು, ಸರಿಯಿರುವ ದಿನವೂ 20 ಲೀಟರ್ ಕ್ಯಾನು ಹೊರಲು ಅವಳಿಂದ ಆಗುತ್ತಿರಲಿಲ್ಲ. ಇಲ್ಲಿ ಯುವಿ ದೀಪದಿಂದ ಏನೂ ಪ್ರಯೋಜನವಿಲ್ಲ, ಆರ್‌ಒ ಬೇಕೇ ಬೇಕು. ಅದರಲ್ಲೂ ಒಂದು ಸೂಕ್ಷ್ಮವಿದೆ. ಇವತ್ತಿನ ಬಹಳ ಯಂತ್ರಗಳಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಇರುತ್ತದೆ. ಅದನ್ನು ತೆರೆದರೆ ಆರ್‌ಒ ಪೊರೆ ದಾಟದ ನೀರು ಸ್ವಲ್ಪ ಬಂದು ಶುದ್ಧ ನೀರಿಗೆ ಬೆರೆಯುತ್ತದೆ. ಬೆಂಗಳೂರಿನಲ್ಲಿ ಅದು ಬರೀ ರುಚಿಯ ಮಾತು. ಪಾವಗಡದಲ್ಲಿ ಅದು ತೆಗೆದ ಫ್ಲೋರೈಡನ್ನು ಹಿಂಬಾಗಿಲಿನಿಂದ ಕರೆತಂದಂತೆ. ಕೂರಿಸಲು ಬಂದವರ ಪಕ್ಕದಲ್ಲೇ ನಿಂತು ಅದನ್ನು ಪೂರ್ತಿ ಮುಚ್ಚಿಸಿದೆ. ಟಿಡಿಎಸ್ ಮೀಟರ್ ಕೂಡ ಇಲ್ಲಿ ಕೆಲಸಕ್ಕೆ ಬಂತು: ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ಆಗಾಗ ಅಳೆದರೆ ಪೊರೆ ಸವೆದದ್ದು ಗೊತ್ತಾಗುತ್ತದೆ.

ಚೆಲ್ಲಿಹೋಗುವ ನೀರಿನ ಪ್ರಶ್ನೆ ಮಾತ್ರ ಇಲ್ಲಿ ಇನ್ನೂ ಕಠಿಣ. ನೀರು ತೀರಾ ಕಡಿಮೆ ಇರುವ ಸೀಮೆಯಲ್ಲೇ, ಹೆಚ್ಚು ನೀರು ಚೆಲ್ಲುವ ಯಂತ್ರ ಅನಿವಾರ್ಯ. ಮೂರು ಮಿಲಿಗ್ರಾಂ ಇದ್ದ ಫ್ಲೋರೈಡ್ ಆ ನೀರಿನಲ್ಲಿ ಸುಮಾರು ನಾಲ್ಕಾಗಿರುತ್ತದೆ. ಅಮ್ಮ ಅದನ್ನು ಬಕೆಟ್ಟಿಗೆ ಹಿಡಿದು ಎಮ್ಮೆಗೆ ಇಡಲು ಹೊರಟಿದ್ದಳು. "ಬೇಡಮ್ಮ, ದನದ ಹಲ್ಲಿಗೂ ಮೂಳೆಗೂ ಅದೇ ಆಗುತ್ತೆ" ಎಂದೆ. ಈಗ ಅದು ನೆಲ ಒರೆಸಲು, ಪಾತ್ರೆ ತೊಳೆಯಲು, ಕಕ್ಕಸಿಗೆ ಹೋಗುತ್ತದೆ.

ಇನ್ನು ನಾನು ಹೇಳಲೇಬೇಕಾದ ಮಾತು. ಯಂತ್ರ ಕೂತ ಮೇಲೆ ಅಕ್ಕಪಕ್ಕದವರು ಬಿಂದಿಗೆ ತರತೊಡಗಿದರು. ಎದುರು ಮನೆಯ ಸೊಸೆ, ಚಿಕ್ಕ ಮಗುವಿನ ತಾಯಿ, ದಿನಾ ಸಂಜೆ ಬರುತ್ತಾಳೆ ಎಂದು ಅಮ್ಮ ಫೋನಿನಲ್ಲಿ ಸಹಜವಾಗಿ ಹೇಳಿದಳು. ನನ್ನ ಬಾಯಿಂದ ಬಂದ ಮೊದಲ ಮಾತು: "ಹಿಂಗೆ ಎಲ್ಲರಿಗೂ ಕೊಟ್ರೆ ಮೆಂಬ್ರೇನ್ ಬೇಗ ಹೋಗುತ್ತಮ್ಮ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮಗೀಗೆ ಎರಡು ವರ್ಷ ಕಣಪ್ಪ" ಎಂದಳು. ಅವಳು ವಾದಕ್ಕೆ ಹೇಳಿದ್ದಲ್ಲ. ಆದರೆ ನನಗೆ ಗೊತ್ತಿದ್ದ ವಿಜ್ಞಾನವನ್ನೇ ಆ ಮಾತು ನನ್ನೆದುರು ತಂದು ನಿಲ್ಲಿಸಿತು. ಹಲ್ಲು ಕೆಡುವುದು ಮೊದಲ ಎಂಟು ವರ್ಷಗಳಲ್ಲಿ. ಎರಡು ವರ್ಷದ ಆ ಮಗುವಿಗೆ ಈ ನೀರು ತಪ್ಪಿಸುವ ಹಾನಿ ಬದುಕಿಡೀ ಉಳಿಯುವಂಥದು. ಫ್ಲೋರೈಡಿನ ಲೆಕ್ಕದಲ್ಲಿ ನೋಡಿದರೆ, ಊರಿಗೆ ಒಂದೇ ಒಂದು ಫಿಲ್ಟರ್ ಬರುವುದಾದರೆ ಅದು ಮೊದಲು ಕೂರಬೇಕಾದ ಜಾಗ ಅಂಗನವಾಡಿ.

ಅಮ್ಮನಿಗೆ ಯಂತ್ರ ಹಾಕಿಸಿದ್ದು ಸರಿಯೇ. ಅವಳ ಮೂಳೆಗೂ ಅದು ಬೇಕು. ಆದರೆ ನಾನು ಗಮನಿಸಿದ್ದು ನನ್ನ ಮನಸ್ಸು ನಡೆದ ದಾರಿಯನ್ನು. ಫಿಲ್ಟರ್ ಕೂರುವ ತನಕ ಊರಿನ ನೀರು ನನ್ನ ಸಂಕಟವಾಗಿತ್ತು. ಪಂಚಾಯ್ತಿಗೆ ಫೋನು ಮಾಡುತ್ತಿದ್ದೆ, ಘಟಕ ಯಾಕೆ ಕೆಟ್ಟಿದೆ ಎಂದು ನೀರುಗಂಟಿಯನ್ನು ಕೇಳುತ್ತಿದ್ದೆ, ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆಯ ಸುದ್ದಿ ಹುಡುಕಿ ಓದುತ್ತಿದ್ದೆ. ಅಮ್ಮನ ಅಡುಗೆಮನೆಯಲ್ಲಿ ಹಸಿರು ದೀಪ ಹತ್ತಿದ ಮೇಲೆ ಅದೆಲ್ಲ ನಿಂತಿತು. ನೀರು ಬದಲಾಗಿರಲಿಲ್ಲ, ನನ್ನವರು ಅದರಿಂದ ಹೊರಗೆ ಬಂದಿದ್ದರು, ಅಷ್ಟೇ. ಪ್ರೀತಿ ಎಂದು ನಾನು ತಿಳಿದುಕೊಂಡಿದ್ದ ಭಾವನೆಗೆ ಇಷ್ಟು ಸಣ್ಣ ಹೊಸ್ತಿಲಿದೆ ಎಂಬುದು ನನಗೆ ಹೊಸ ತಿಳಿವಳಿಕೆ. ಊರಿನಲ್ಲಿ ಕೈಯಲ್ಲಿ ನಾಲ್ಕು ಕಾಸಿರುವವರೆಲ್ಲ ಹೀಗೆ ಒಬ್ಬೊಬ್ಬರಾಗಿ ಹೊರಗೆ ಬಂದರೆ, ಸಾಮೂಹಿಕ ನಲ್ಲಿಯ ಬಗ್ಗೆ ದನಿ ಎತ್ತಬಲ್ಲವರು ಯಾರೂ ಉಳಿಯುವುದಿಲ್ಲ. ಉಳಿಯುವವರು ಬಿಂದಿಗೆ ಹಿಡಿದು ಪಕ್ಕದ ಮನೆಯ ಬಾಗಿಲಲ್ಲಿ ನಿಲ್ಲುವವರು.

ದಾರಿಗಳು ಇಲ್ಲದೆ ಇಲ್ಲ. ಪಾವಗಡದಂಥ ಬರಡು ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೂ, 100 ಚದರ ಮೀಟರ್ ತಾರಸಿಯ ಮೇಲೆ 50,000 ಲೀಟರ್ ಬೀಳುತ್ತದೆ. ಐದರಲ್ಲಿ ಒಂದು ಪಾಲು ಕಳೆದರೂ 40,000 ಉಳಿಯುತ್ತದೆ. ಅಂಗನವಾಡಿಯ 25 ಮಕ್ಕಳಿಗೆ ಕುಡಿಯಲು, ಅಡುಗೆಗೆ ತಲಾ ಮೂರು ಲೀಟರಿನಂತೆ 300 ದಿನಕ್ಕೆ ಬೇಕಾದದ್ದು 22,500 ಲೀಟರ್. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಬೆಳಕು ಬೀಳದ ತೊಟ್ಟಿಯಲ್ಲಿ ಹಿಡಿದಿಟ್ಟರೆ, ಉಳಿಯುವ ಭಯ ಕ್ರಿಮಿಯದೊಂದೇ. ಅದಕ್ಕೆ ಅಜ್ಜಿಯ ಬಟ್ಟೆ, ತಾಮ್ರ, ಒಲೆ ಮತ್ತೆ ಸಾಕಾಗುತ್ತವೆ. ಇದು ಬರೀ ಕಾಗದದ ಲೆಕ್ಕ ಅಲ್ಲ. ಬೆಂಗಳೂರಿನಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಕುಟುಂಬ 1995ರಿಂದ ಮನೆಯ ನೀರಿಗೆ ಮಳೆಯನ್ನೇ ನಂಬಿ ನಡೆಸಿಕೊಂಡು ಬಂದಿದೆ. ಹಳ್ಳಿಯ ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ಕಲಿಸುವ ಕೆಲಸವನ್ನು ಜಲಜೀವನ್ ಮಿಷನ್ ಇಟ್ಟುಕೊಂಡಿದೆ. ಆ ಕಿಟ್ಟಿನ ಫಲಿತಾಂಶವನ್ನು ಪಂಚಾಯ್ತಿಯ ಗೋಡೆಯ ಮೇಲೆ ಬರೆಸಿ ಎಂದು ಕೇಳುವುದಕ್ಕೆ ಯಾವ ಖರ್ಚೂ ಇಲ್ಲ.

ಫಿಲ್ಟರ್ ಆರಿಸಲು ಸಲಹೆ ಕೇಳುವವರಿಗೆ ನಾನು ಈಗ ಹೇಳುವುದು ಇಷ್ಟು: ಮೊದಲು ನಿಮ್ಮ ನೀರಿನಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ. ನನಗೆ ನಾನೇ ಹೇಳಿಕೊಳ್ಳಬೇಕಾದದ್ದು ಇನ್ನೂ ಸ್ವಲ್ಪ ಇದೆ. ಹಿನ್ನೀರಿನ ಕೊಳವೆ ಊರಿನ ಪ್ರತಿ ಮನೆಗೂ ಮುಟ್ಟಿ, ಅದರ ನೀರು ದಿನಾ ಹರಿಯುವ ತನಕ ನನ್ನ ಕೆಲಸ ಮುಗಿದಿಲ್ಲ. ಅಂಗನವಾಡಿಯ ತಾರಸಿಗೆ ಪೈಪು, ತೊಟ್ಟಿ ಹಾಕಿಸಲು ಗ್ರಾಮಸಭೆಯಲ್ಲಿ ಅರ್ಜಿ ಕೊಡುತ್ತೇನೆ, ನನ್ನ ಕೈಯಲ್ಲಾದ ದುಡ್ಡನ್ನೂ ಸೇರಿಸುತ್ತೇನೆ. ಮುಂದಿನ ವರ್ಷ ನೋಡೋಣ ಎನ್ನುವ ಮಾತು ಈ ವಿಷಯದಲ್ಲಿ ಸಲ್ಲದು. ಎಂಟು ವರ್ಷ ತಡವಾದ ಒಳ್ಳೆಯ ನೀರು, ಆ ಎಂಟು ವರ್ಷಗಳಲ್ಲಿ ಬೆಳೆದ ಮಕ್ಕಳ ಹಲ್ಲಿನ ಪಾಲಿಗೆ ಬಂದೇ ಇಲ್ಲದ ನೀರು.